ಎಂಜಲು ಕಲಿಸಿದ ಪಾಠ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಐವತ್ತು ವರ್ಷದ ಹಬ್ಬದಲ್ಲಿ ನಿನಗೆ ತಿಳಿದ ವಿಷಯ ಒಂದನ್ನು ಅರ್ಧ ಗಂಟೆ ಹೇಳು ಎಂದು ಸಮಿತಿಯವರು ಕರೆದರು. ಯಾವ ವಿಷಯ ಎಂದು ಕೇಳಿದಾಗ ನಾನು "ಎಂಜಲು" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ "ಬಾಯಿಯ ಆರೋಗ್ಯ" ಎಂದು ಮರ್ಯಾದೆಯಾಗಿ ಅಚ್ಚು ಹಾಕಿಸಿದ್ದಾರೆ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಎಂಜಲು ಅಂದರೆ ಮೈಲಿಗೆ. ಎಂಜಲು ಕೈಯಲ್ಲಿ ಬಡಿಸಬಾರದು, ಎಂಜಲು ಲೋಟ ಮುಟ್ಟಬಾರದು. ಶಬರಿ ಕಚ್ಚಿ ನೋಡಿದ ಹಣ್ಣನ್ನು ರಾಮ ತಿಂದ ಕತೆ ಹೇಳುತ್ತ ಕಣ್ಣೀರು ಹಾಕುವ ನಾವೇ, ಪಕ್ಕದ ಮನೆಯವರು ಕುಡಿದ ಚೊಂಬನ್ನು ಮೂರು ಸಲ ತೊಳೆಯುತ್ತೇವೆ.

ಆದರೆ ನನ್ನ ಬದುಕು ತಿರುಗಿದ್ದು ಈ ಎಂಜಲಿನಿಂದಲೇ, ಅದೂ ಇದೇ ಶಾಲೆಯಲ್ಲಿ. ನಮ್ಮ ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಆಗ ಪ್ರಯೋಗಾಲಯ ಅಂದರೆ ಒಂದು ಮರದ ಬೀರು, ಅದರೊಳಗೆ ಏಳೆಂಟು ಪ್ರನಾಳ, ಒಂದು ಸ್ಪಿರಿಟ್ ದೀಪ. ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರು ಹಾಸ್ಟೆಲ್ಲಿನ ಅಡುಗೆಮನೆಯಿಂದ ಅನ್ನದ ಗಂಜಿ ತರಿಸಿದರು. ಐದು ಪ್ರನಾಳಕ್ಕೆ ಹಾಕಿ, ಒಂದೊಂದು ಹನಿ ಅಯೋಡಿನ್ ಬಿಟ್ಟರು. ಗಂಜಿ ಕಡುನೀಲಿ ಆಯಿತು. ಆಮೇಲೆ ಐದು ಜನರನ್ನು ಕರೆದರು. ಒಬ್ಬ ಕೂಡ್ಲಿಗಿಯವನು, ಒಬ್ಬ ಕೊಟ್ಟೂರಿನವನು, ಹಾಸ್ಟೆಲ್ಲಿನಲ್ಲಿದ್ದ ಹಗರಿಬೊಮ್ಮನಹಳ್ಳಿ ಕಡೆಯವನು ಒಬ್ಬ, ಹಡಗಲಿಯವನು ಒಬ್ಬ, ಹರಪನಹಳ್ಳಿಯವನು ಒಬ್ಬ. "ಒಂದೊಂದು ಪ್ರನಾಳಕ್ಕೆ ಒಬ್ಬೊಬ್ಬರು ಉಗುಳ್ರೋ" ಎಂದರು.

ಇಡೀ ತರಗತಿ ನಕ್ಕಿತು. ಒಬ್ಬ ಹುಡುಗ ಮಾತ್ರ ಮುಂದೆ ಬರಲಿಲ್ಲ. ಅವನ ಎಂಜಲು ಬಿದ್ದ ಪ್ರನಾಳವನ್ನು ನಾಳೆ ಯಾರೂ ಮುಟ್ಟುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಮೇಷ್ಟ್ರು ಏನೂ ಹೇಳಲಿಲ್ಲ. ಆ ಪ್ರನಾಳವನ್ನು ತಮ್ಮ ಕೈಯಲ್ಲಿ ಹಿಡಿದು ಅವನ ಬಾಯಿಯ ಹತ್ತಿರ ಒಯ್ದರು. ಅವನು ಉಗುಳಿದ. ಪ್ರಯೋಗ ಮುಗಿಯುವತನಕ ಅದನ್ನು ಅವರು ಕೈಯಿಂದ ಕೆಳಗಿಡಲಿಲ್ಲ. ಕೈಯ ಕಾವು ಬೇಕು, ಆಗ ಕೆಲಸ ಬೇಗ ಆಗುತ್ತದೆ ಎಂದರು. ಅದು ನಿಜವೂ ಹೌದು. ಬಾಯಿಯ ಬಿಸುಪಿನಲ್ಲೇ ಈ ಕ್ರಿಯೆ ಚೆನ್ನಾಗಿ ನಡೆಯುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಐದರಲ್ಲೂ ನೀಲಿ ಬಣ್ಣ ಹೋಯಿತು. ಒಂದರಲ್ಲಿ ಬೇಗ, ಒಂದರಲ್ಲಿ ತಡವಾಗಿ, ಆದರೆ ಹೋಗದೆ ಉಳಿದದ್ದು ಒಂದೂ ಇಲ್ಲ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಪ್ರೋಟೀನು ಗಂಜಿಯ ಪಿಷ್ಟವನ್ನು ಮುರಿದು ಸಕ್ಕರೆಯ ಕಡೆಗೆ ಒಯ್ದಿತ್ತು. ಜೋಳದ ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಕೊನೆಗೆ ಸಿಹಿಯಾಗುವುದು ಇದರಿಂದಲೇ. "ಒಂದರಲ್ಲಿ ಯಾಕೆ ತಡ ಆಯ್ತು ಸಾರ್?" ಎಂದು ನಾನು ಕೇಳಿದೆ. "ನನಗೆ ಗೊತ್ತಿಲ್ಲ ಮಗಾ, ದೊಡ್ಡವನಾಗಿ ನೀನೇ ಕಂಡುಹಿಡಿದು ಬಂದು ಹೇಳು" ಎಂದರು.

ಕಂಡುಹಿಡಿದವನು ನಾನಲ್ಲ. ಆದರೆ ಉತ್ತರ ಈಗ ಇದೆ. ಎಂಜಲಿನ ಹರಿವು, ಆ ಹೊತ್ತಿಗೆ ಏನು ತಿಂದಿದ್ದೇವೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ವಂಶವಾಹಿ. ಅಮೈಲೇಸ್ ತಯಾರಿಸುವ ವಂಶವಾಹಿಯ ಪ್ರತಿಗಳು ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಕೆಲವರಲ್ಲಿ ಎರಡೇ ಇದ್ದರೆ ಕೆಲವರಲ್ಲಿ ಹತ್ತಕ್ಕೂ ಹೆಚ್ಚು. ತಲೆತಲಾಂತರದಿಂದ ಕಾಳುಕಡಿ, ಗೆಡ್ಡೆ ತಿಂದುಕೊಂಡು ಬಂದ ಜನರಲ್ಲಿ ಸರಾಸರಿ ಹೆಚ್ಚು ಪ್ರತಿಗಳಿರುತ್ತವೆ ಎಂದು 2007ರಲ್ಲಿ ತೋರಿಸಿದರು. ಜಾತಿ, ಊರು ನೋಡಿ ಎಂಜಲು ಕೆಲಸ ಮಾಡುವುದಿಲ್ಲ. ಹರಪನಹಳ್ಳಿಯವರು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದರು, 2018ರಲ್ಲಿ ವಾಪಸು ಬಳ್ಳಾರಿಗೆ ಬಂದರು, 2021ರಲ್ಲಿ ನಾವೆಲ್ಲ ಸೇರಿ ವಿಜಯನಗರ ಜಿಲ್ಲೆಯವರಾದೆವು. ಅವರ ಅಮೈಲೇಸ್ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾನು ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನ ಪಾಠ ಮಾಡುವವನು. ಬಾಯಿಯ ವಿಷಯದಲ್ಲಿ ನಮ್ಮ ಜನರಿಗೆ ಎರಡು ತಪ್ಪು ನಂಬಿಕೆ ಇವೆ. ಒಂದು, ಎಂಜಲು ಬರೀ ನೀರು. ಇನ್ನೊಂದು, ಬಾಯಿಯ ಸೂಕ್ಷ್ಮಜೀವಿಗಳೆಲ್ಲ ಶತ್ರುಗಳು.

ದಿನಕ್ಕೆ ನಮ್ಮ ಬಾಯಿಯಲ್ಲಿ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಎಂಜಲು ಊರುತ್ತದೆ. ಕಿವಿಯ ಮುಂದೆ ಒಂದು ಜೊತೆ, ದವಡೆಯ ಕೆಳಗೆ ಒಂದು ಜೊತೆ, ನಾಲಿಗೆಯ ಅಡಿ ಒಂದು ಜೊತೆ, ಹೀಗೆ ಮೂರು ಜೊತೆ ದೊಡ್ಡ ಗ್ರಂಥಿಗಳು. ಇವಲ್ಲದೆ ತುಟಿ, ಕೆನ್ನೆ, ಅಂಗುಳಿನಲ್ಲಿ ನೂರಾರು ಸಣ್ಣ ಗ್ರಂಥಿಗಳು. ಎಂಜಲಿನಲ್ಲಿ ನೂರಕ್ಕೆ 99 ಭಾಗ ನೀರೇ. ಉಳಿದ ಆ ಒಂದು ಭಾಗದಲ್ಲಿ ಲವಣ ಮತ್ತು ಪ್ರೋಟೀನುಗಳಿವೆ, ಬಾಯಿಯ ಸಂಸಾರ ನಡೆಯುವುದು ಅವುಗಳಿಂದ.

ಸೂಕ್ಷ್ಮಜೀವಿಗಳ ಲೆಕ್ಕ ಕೇಳಿದರೆ ಎದೆ ಝಲ್ ಎನ್ನಬಹುದು. ಮನುಷ್ಯರ ಬಾಯಿಯಲ್ಲಿ ಒಟ್ಟು 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಒಂದು ಮಿಲಿಲೀಟರ್ ಎಂಜಲಿನಲ್ಲಿ ಸುಮಾರು ಹತ್ತು ಕೋಟಿ ಇರುತ್ತವೆ. ಇವನ್ನು ಮೊದಲು ನೋಡಿದವನು ಹಾಲೆಂಡಿನ ಡೆಲ್ಫ್ಟ್ ಊರಿನ ಒಬ್ಬ ಬಟ್ಟೆ ವ್ಯಾಪಾರಿ, ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ತನ್ನದೇ ಹಲ್ಲಿನ ಪಾಚಿ ಇಟ್ಟು ನೋಡಿದ. ಪುಟ್ಟ ಪುಟ್ಟ ಜೀವಿಗಳು ಓಡಾಡುತ್ತಿವೆ ಎಂದು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ.

ಎಂಜಲಿನ ಪ್ರೋಟೀನುಗಳು ಇವುಗಳ ಜೊತೆ ಹೇಗೆ ನಡೆದುಕೊಳ್ಳುತ್ತವೆ? ಮೊದಲು ಕಾವಲಿನವರನ್ನು ಹೇಳುತ್ತೇನೆ. ಲೈಸೊಜೈಮ್ ಎಂಬುದು ಕೆಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕಡಿಯುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೂ ಮೊದಲೇ, 1922ರಲ್ಲಿ, ಇದನ್ನು ಪ್ರಕಟಿಸಿದ್ದ. ಅವನಿಗೆ ಸಿಕ್ಕ ಮೊದಲ ಸುಳಿವು ನೆಗಡಿಯ ಸಿಂಬಳದಲ್ಲಿ! ನಾವು ಅಸಹ್ಯಪಡುವ ವಸ್ತುಗಳನ್ನು ವಿಜ್ಞಾನ ಅಸಹ್ಯಪಡುವುದಿಲ್ಲ ಮಕ್ಕಳೇ. ಲ್ಯಾಕ್ಟೊಫೆರಿನ್ ಎಂಬುದು ಬ್ಯಾಕ್ಟೀರಿಯಾಗೆ ಬೇಕಾದ ಕಬ್ಬಿಣವನ್ನು ತಾನು ಹಿಡಿದಿಟ್ಟುಕೊಂಡು ಅವನ್ನು ಉಪವಾಸ ಕೆಡವುತ್ತದೆ. ಹಿಸ್ಟಾಟಿನ್ ಎಂಬುದು ನಾಲಿಗೆಯ ಮೇಲೆ ಬಿಳಿಯಾಗಿ ಹರಡುವ ಬೂಷ್ಟನ್ನು ತಡೆಯುತ್ತದೆ. ಮ್ಯೂಸಿನ್, ಅಗ್ಲುಟಿನಿನ್, ಐಜಿಎ ಎಂಬ ಪ್ರೋಟೀನುಗಳು ತೇಲುವ ಬ್ಯಾಕ್ಟೀರಿಯಾಗಳನ್ನು ಒಂದಕ್ಕೊಂದು ಅಂಟಿಸಿ ಉಂಡೆ ಮಾಡುತ್ತವೆ. ಉಂಡೆಯಾದದ್ದನ್ನು ನಾವು ನುಂಗುತ್ತೇವೆ, ಅದು ಹೊಟ್ಟೆಯ ಆಮ್ಲದಲ್ಲಿ ಸಾಯುತ್ತದೆ.

ಇಷ್ಟು ಕಾವಲಿದ್ದ ಮೇಲೆ ಬಾಯಿಯಲ್ಲಿ ಒಂದೂ ಬ್ಯಾಕ್ಟೀರಿಯಾ ಉಳಿಯಬಾರದಿತ್ತಲ್ಲ? ಉಳಿಯುತ್ತವೆ. ಯಾಕೆಂದರೆ ಅದೇ ಎಂಜಲು ಅವಕ್ಕೆ ಮಣೆಯನ್ನೂ ಹಾಕುತ್ತದೆ.

ಕಣ ಮಾಡುವುದು ನಿಮಗೆ ಗೊತ್ತು. ನೆಲ ಕೆತ್ತಿ, ನೀರು ಹೊಡೆದು, ಸಗಣಿಯಿಂದ ತೆಳ್ಳಗೆ ಸಾರಿಸುತ್ತೇವೆ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಎಂಜಲಿನ ಪ್ರೋಟೀನುಗಳು ಹಲ್ಲಿನ ಮೇಲೆ ಹೀಗೆಯೇ ಒಂದು ತೆಳು ಪೊರೆ ಸಾರಿಸುತ್ತವೆ. ನೀವು ಎಷ್ಟು ಉಜ್ಜಿದರೂ ಬರಿ ಹಲ್ಲು ಎಂಬುದು ಹೆಚ್ಚು ಹೊತ್ತು ಇರುವುದಿಲ್ಲ. ಈ ಪೊರೆ ಹಲ್ಲನ್ನು ಹುಳಿಯಿಂದ, ಸವೆತದಿಂದ ಕಾಯುತ್ತದೆ. ಪೊರೆಯಲ್ಲಿರುವ ಸ್ಟಾಥೆರಿನ್ ಎಂಬ ಪ್ರೋಟೀನು ಎಂಜಲಿನ ಸುಣ್ಣದಂಶ ಅಲ್ಲಲ್ಲೇ ಗಟ್ಟಿಯಾಗಿ ಕೂರದಂತೆ ಹಿಡಿದಿಡುತ್ತದೆ. ಹಾಗಾಗಿಯೇ ಹಲ್ಲಿನ ಸಣ್ಣ ಸವೆತ ತುಂಬಿಕೊಳ್ಳಲು ಸುಣ್ಣದಂಶ ಯಾವಾಗಲೂ ಎಂಜಲಿನಲ್ಲಿ ತಯಾರಿರುತ್ತದೆ.

ಇಲ್ಲೊಂದು ಸೋಜಿಗ ಇದೆ. ಪೊರೆಯಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಹೇರಳವಾಗಿರುವ ಒಂದು ಬಗೆಯ ಪ್ರೋಟೀನು ಉಂಟು. ಅದು ಎಂಜಲಿನಲ್ಲಿ ತೇಲುತ್ತಿರುವಾಗ ಬ್ಯಾಕ್ಟೀರಿಯಾ ಅದನ್ನು ಮೂಸಿಯೂ ನೋಡುವುದಿಲ್ಲ. ಹಲ್ಲಿಗೆ ಅಂಟಿತೋ, ಮುಚ್ಚಿದ ಮುಷ್ಟಿ ಬಿಚ್ಚಿದ ಹಾಗೆ ಅದರ ಆಕಾರ ಬದಲಾಗಿ, ಒಳಗೆ ಅಡಗಿದ್ದ ಭಾಗ ಹೊರಗೆ ಬರುತ್ತದೆ. ಆಕ್ಟಿನೊಮೈಸಿಸ್‌ನಂಥ ಬ್ಯಾಕ್ಟೀರಿಯಾ ಆ ಭಾಗವನ್ನೇ ಹಿಡಿದು ಕೂರುತ್ತದೆ. 1980ರ ದಶಕದಲ್ಲಿ ಅಮೆರಿಕದ ಗಿಬನ್ಸ್ ಮತ್ತು ಹೇ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಅಗ್ಲುಟಿನಿನ್ ಕತೆಯೂ ಹೀಗೆಯೇ. ತೇಲುವಾಗ ಬ್ಯಾಕ್ಟೀರಿಯಾಗಳನ್ನು ಉಂಡೆ ಕಟ್ಟಿ ಹೊರದಬ್ಬುತ್ತದೆ, ಹಲ್ಲಿನ ಮೇಲೆ ಕೂತಾಗ ಅವಕ್ಕೇ ಹಿಡಿಕೆಯಾಗುತ್ತದೆ. ನಮ್ಮ ಗಂಜಿಯ ನೀಲಿ ತೆಗೆದ ಅಮೈಲೇಸ್ ಕೂಡ ಸುಮ್ಮನಿಲ್ಲ. ಸ್ಟ್ರೆಪ್ಟೊಕಾಕಸ್ ಗಾರ್ಡೋನಿ ಎಂಬ ಬ್ಯಾಕ್ಟೀರಿಯಾ ಅದನ್ನು ತನ್ನ ಮೈಮೇಲೆ ಅಂಟಿಸಿಕೊಳ್ಳುತ್ತದೆ. ಅಂಟಿದ ಮೇಲೂ ಅಮೈಲೇಸ್ ಪಿಷ್ಟ ಮುರಿಯುತ್ತಲೇ ಇರುತ್ತದೆ. ನಾವು ಮಂಡಕ್ಕಿ ತಿಂದರೆ ಅದರ ಬಾಗಿಲಲ್ಲೇ ಸಕ್ಕರೆ ತಯಾರು.

ಹೀಗೆ ಮೊದಲು ಬಂದವರು ಪೊರೆಯನ್ನು ಹಿಡಿಯುತ್ತಾರೆ. ಆಮೇಲೆ ಬಂದವರು ಮೊದಲು ಬಂದವರನ್ನು ಹಿಡಿಯುತ್ತಾರೆ. ಕೊಟ್ಟೂರೇಶ್ವರನ ತೇರಿನ ದಿನ ನೋಡಿ, ಹಗ್ಗ ಹಿಡಿದವರು ಕೆಲವರು, ಅವರ ಹೆಗಲು ಹಿಡಿದವರು ಹಲವರು, ಅವರ ಹಿಂದೆ ಜನಸಾಗರ. ಹಲ್ಲಿನ ಮೇಲೆ ಕಟ್ಟುವ ಪಾಚಿ ಹೀಗೆ ಬೆಳೆದ ಜಾತ್ರೆ. ಜಾತ್ರೆಯಲ್ಲಿ ಹಿಂದೆ ಹಲ್ಲಿನ ಹುಳ ತೆಗೆಯುತ್ತೇವೆ ಎಂದು ಹೊಗೆ ಹಾಕುವವರು ಕೂತಿರುತ್ತಿದ್ದರು. ಹಲ್ಲಿನಲ್ಲಿ ಹುಳ ಇಲ್ಲ. ಇರುವುದು ಈ ಪಾಚಿ, ಅದು ಹುಳುಕು ಮಾಡುವ ಬಗೆ ಬೇರೆ.

ದೇಹಕ್ಕೆ ಬುದ್ಧಿ ಇಲ್ಲವೇ, ಕಳ್ಳನಿಗೆ ಯಾಕೆ ಮಣೆ ಹಾಕುತ್ತದೆ ಎಂದು ನೀವು ಕೇಳಬಹುದು. ಆದರೆ ಬಂದವರೆಲ್ಲ ಕಳ್ಳರಲ್ಲ. ಬೀಳುಬಿಟ್ಟ ಹೊಲದಲ್ಲಿ ಬೇಡದ ಕಸ ಎದ್ದು ನಿಲ್ಲುತ್ತದೆ, ಶೇಂಗಾ ಬಳ್ಳಿ ಒತ್ತಾಗಿ ಹಬ್ಬಿದ ಹೊಲದಲ್ಲಿ ಕಸಕ್ಕೆ ಜಾಗ ಸಿಗದು. ಮೊದಲು ಬಂದು ಕೂರುವ ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿನಿಸ್‌ನಂಥವು ಹೈಡ್ರೊಜನ್ ಪೆರಾಕ್ಸೈಡ್ ಬಿಟ್ಟು, ಹುಳುಕಿನ ಮುಖ್ಯ ಆರೋಪಿಗಳಲ್ಲೊಂದಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬೆಳೆಯದಂತೆ ನೋಡಿಕೊಳ್ಳುತ್ತವೆ. ಇನ್ನು ಕೆಲವು ಅಮೋನಿಯಾ ತಯಾರಿಸಿ ಹುಳಿಯನ್ನು ತಗ್ಗಿಸುತ್ತವೆ. ಎಂಜಲು ಎಲ್ಲರನ್ನೂ ಕೊಲ್ಲುವುದಿಲ್ಲ, ಎಲ್ಲರನ್ನೂ ಸಾಕುವುದೂ ಇಲ್ಲ. ಒಳ್ಳೆಯ ಊರಗೌಡನ ಹಾಗೆ ಯಾರನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟು ಊರನ್ನು ನಡೆಸುತ್ತದೆ.

ಊರು ಕೆಡುವುದು ನಾವು ಕೈ ಹಾಕಿದಾಗ. ಸಿಹಿ ತಿಂದ ಕೆಲವೇ ನಿಮಿಷಕ್ಕೆ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ. ಪಿಎಚ್ ಅಂಕಿ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜ ಕರಗಲು ಶುರು. ಎಂಜಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಸ್ಟೀಫನ್ ಎಂಬ ವಿಜ್ಞಾನಿ 1940ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ. ಹಬ್ಬದ ದಿನ ಊಟದ ಜೊತೆ ನಾಲ್ಕು ಹೋಳಿಗೆ ತಿನ್ನಿ, ಎಂಜಲು ಸುಧಾರಿಸಿಕೊಳ್ಳುತ್ತದೆ. ಆದರೆ ಗಂಟೆಗೊಂದು ಸಕ್ಕರೆ ಚಹಾ, ನಡುವೆ ಬಿಸ್ಕತ್ತು, ಮಗುವಿನ ಬಾಯಲ್ಲಿ ದಿನವಿಡೀ ಚಾಕಲೇಟು ಇದ್ದರೆ ಅದಕ್ಕೆ ಸುಧಾರಿಸಿಕೊಳ್ಳಲು ಬಿಡುವೇ ಸಿಗದು. ಸಿಹಿ ಎಷ್ಟು ತಿಂದೆವು ಎನ್ನುವುದರ ಜೊತೆಗೆ ಎಷ್ಟು ಸಲ ತಿಂದೆವು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆ ಊರುತ್ತದೆ. ಹಾಗಾಗಿ ಬೆಳಿಗ್ಗೆ ಉಜ್ಜದಿದ್ದರೂ ರಾತ್ರಿ ಉಜ್ಜಿ ಎಂದು ನಾನು ತಮಾಷೆಗೆ ಹೇಳುತ್ತೇನೆ. ಎರಡೂ ಹೊತ್ತು ಉಜ್ಜಿದರೆ ಇನ್ನೂ ಒಳ್ಳೆಯದು. ಕೊಟ್ಟೂರಿನ ಮಿರ್ಚಿ ಮಂಡಕ್ಕಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ತಿಂದ ಮೇಲೆ ಬಾಯಿ ಮುಕ್ಕಳಿಸಿ, ಅಷ್ಟು ಸಾಕು.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಅಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಬೀಳುತ್ತದೆ. ಅದಕ್ಕೆ ಪಾಚಿಯೂ ಕಾರಣವಲ್ಲ, ಬ್ಯಾಕ್ಟೀರಿಯಾವೂ ಕಾರಣವಲ್ಲ. ಆ ಮಕ್ಕಳಿಗೆ "ಹಲ್ಲು ಉಜ್ಜಲ್ವೇನೋ" ಎಂದು ತರಗತಿಯಲ್ಲಿ ಯಾರೂ ಅನ್ನಬೇಡಿ. ಅವರ ಹಲ್ಲು ನೋಡಿ ಊರಿನ ನೀರನ್ನು ಪರೀಕ್ಷೆಗೆ ಕಳಿಸಿ.

ಕೊನೆಗೆ ನನ್ನ ಮನೆಯ ವಿಷಯ ಹೇಳುತ್ತೇನೆ. ಈ ವೇದಿಕೆಗೆ ಬರುವಾಗ ಹೇಳಲೋ ಬೇಡವೋ ಎಂದುಕೊಂಡಿದ್ದೆ.

ನಮ್ಮಪ್ಪನನ್ನು ಇಲ್ಲಿರುವ ಹಿರಿಯರು ಬಲ್ಲಿರಿ. ಅವರ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇಲ್ಲದ ದಿನ ಇರಲಿಲ್ಲ. ಅಡಿಕೆ, ಸುಣ್ಣ, ತಂಬಾಕು ಕೆನ್ನೆಯಲ್ಲಿ ಒತ್ತರಿಸಿಕೊಂಡೇ ಬಿತ್ತನೆ ಮಾಡಿದರು, ಪಂಚಾಯ್ತಿ ಮಾಡಿದರು, ನನ್ನನ್ನು ಓದಿಸಿದರು. ಅದೇ ಕೆನ್ನೆಯಲ್ಲಿ ಹುಣ್ಣಾಯಿತು. ಮಾಯಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಕರೆಂಟು ಕೊಟ್ಟರು. ವೈದ್ಯರು ಒಳ್ಳೆಯವರು, ಗಡ್ಡೆ ಹೋಯಿತು, ಅಪ್ಪ ಬದುಕಿದರು. ಆದರೆ ವಿಕಿರಣದ ದಾರಿಯಲ್ಲಿದ್ದ ಎಂಜಲಿನ ಗ್ರಂಥಿಗಳು ಬತ್ತಿಹೋದವು.

ಅಲ್ಲಿಯವರೆಗೆ ನಾನು ಎಂಜಲಿನ ಪ್ರೋಟೀನುಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಿದ್ದವನು. ಅವು ಇಲ್ಲದ ಬಾಯಿ ಹೇಗಿರುತ್ತದೆ ಎಂದು ನೋಡಿದ್ದು ಆಗ. ರೊಟ್ಟಿ ಮುರಿದು ಬಾಯಿಗಿಟ್ಟರೆ ಮರಳು ತಿಂದ ಹಾಗೆ. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ನಾಲಿಗೆಯ ಮೇಲೆ ಬಿಳಿ ಬೂಷ್ಟು. ಅರವತ್ತು ವರ್ಷ ಗಟ್ಟಿಯಾಗಿದ್ದ, ಕಬ್ಬು ಸಿಗಿದು ತಿಂದ ಹಲ್ಲುಗಳು ಒಂದೆರಡು ವರ್ಷದಲ್ಲಿ ಬುಡದಲ್ಲೇ ಹುಳುಕಾಗಿ ಮುರಿದವು. ಬ್ಯಾಕ್ಟೀರಿಯಾ ಹೊರಗಿನಿಂದ ಬಂದದ್ದಲ್ಲ, ಹಿಂದಿನಿಂದಲೂ ಅಲ್ಲೇ ಇದ್ದವು. ಹುಳಿಯನ್ನು ಇಷ್ಟಪಡುವಂಥವನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ ಎಂಜಲು ಹೋಗಿತ್ತು, ಅಷ್ಟೇ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಅಪ್ಪ ನಗುತ್ತಲೇ ಹೇಳಿದರು: "ಜೀವಮಾನ ಪೂರ್ತಿ ಉಗುಳಿ ಉಗುಳಿ ಗ್ವಾಡಿ ಕೆಂಪು ಮಾಡ್ದೆ. ಈಗ ನೋಡಪ್ಪ, ಉಗುಳಾಕ ಉಗುಳೇ ಇಲ್ಲ."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಊರಿನವರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಅಡಿಕೆ ಪುಡಿ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿ, ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುವುದು ನಮಗೆಲ್ಲ ಗೊತ್ತಿದೆ. ಬರೀ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೇಳಿದೆ. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಇದೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುತ್ತಿದ್ದೀರಿ, ಬಹಳ ಸಂತೋಷ. ಆ ಕಮಾನಿನಿಂದ ನೂರು ಗಜ ಅಳೆದು ಒಂದು ಗೆರೆಯನ್ನೂ ಎಳೆಯಿರಿ. ಬಾಯಿಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ನೋವಿಲ್ಲ ಎಂದು ಕೂರಬೇಡಿ, ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ, ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ. ಒಣಗಿದರೆ ಅದನ್ನೂ ಹೇಳಿ.

ಮಕ್ಕಳೇ, ನಿಮಗೆ ಒಂದು ಕೆಲಸ. ನಾಳೆ ನಿಮ್ಮ ವಿಜ್ಞಾನದ ಮೇಷ್ಟ್ರ ಹತ್ತಿರ ಹೋಗಿ, ಗಂಜಿಯ ಪ್ರಯೋಗ ಮಾಡಿಸಿ ಎಂದು ಕೇಳಿ. ಯಾರು ಹಿಂದೆ ನಿಲ್ಲುತ್ತಾರೋ ಅವರನ್ನು ಮೊದಲು ಕರೆಯಿರಿ. ನಮ್ಮ ಪ್ರನಾಳದ ಹುಡುಗ ಇವತ್ತು ಈ ಸಭೆಯಲ್ಲಿದ್ದಾನೆ, ಹೆಸರು ಹೇಳಬೇಡ ಎಂದು ಸನ್ನೆ ಮಾಡುತ್ತಿದ್ದಾನೆ. ಹೇಳುವುದಿಲ್ಲ. ಆ ಪ್ರನಾಳವನ್ನು ಹಿಡಿದಿದ್ದ ಕೈಗಳು ಈಗಿಲ್ಲ. "ಒಂದರಲ್ಲಿ ಯಾಕೆ ತಡವಾಯಿತು" ಎನ್ನುವುದಕ್ಕೆ ಉತ್ತರವನ್ನು ಬಂದು ಹೇಳಬೇಕಾದದ್ದು ಅವರಿಗೆ. ಅವರಿಲ್ಲದ್ದರಿಂದ ಅವರ ಶಾಲೆಗೆ ಹೇಳಿದ್ದೇನೆ.

 ನಮ್ಮ ಶಾಲೆ ನೂರು ಕಾಣಲಿ. ಜೈ ಹಿಂದ್, ಜೈ ಕರ್ನಾಟಕ.